ರೇಡಿಯೋ ಉಳಿಸಿಕೊಟ್ಟ ಕಂಠಗಳು

ರೇಡಿಯೋ ಇರುವ ಮನೆಗಳಲ್ಲಿ ಈ ಸಂಗತಿಯನ್ನು ನೀವೆಲ್ಲರೂ ಕಂಡಿರುತ್ತೀರಿ. ಗುಂಡಿ ತಿರುಗಿಸುತ್ತ ಹೋಗುವಾಗ ಯಾವುದೋ ದೂರದ ನಿಲಯದಿಂದ ಪಾಶ್ಚಾತ್ಯ ಗಾಯಕಿಯೊಬ್ಬಳ ಏರುದನಿ ಕೇಳಿಬರುತ್ತದೆ. “ಇದೇನಪ್ಪಾ ಕಿರಿಚಾಟ!” ಎನ್ನುತ್ತಾರೆ ಹಿರಿಯರು. ಮಕ್ಕಳು ನಗುತ್ತಾರೆ. ಮುಳ್ಳು ಮುಂದಕ್ಕೆ ಸರಿಯುತ್ತದೆ. ನಾನೂ ಬಹುಕಾಲ ಹಾಗೆ ಮುಳ್ಳು ಸರಿಸಿದವನೇ. ಹಳಗನ್ನಡ ಕಾವ್ಯದ ಪಾಠ ಹೇಳುವ ಪಂಡಿತನಿಗೆ ಇಟಲಿಯ ಗಾಯಕಿಯರ ಗೊಡವೆ ಏಕೆ ಎಂದು ನೀವು ಕೇಳಬಹುದು. ಒಂದು ರಾತ್ರಿ ನನ್ನ ಕೈ ಗುಂಡಿಯ ಮೇಲೆಯೇ ನಿಂತುಬಿಟ್ಟಿತು. ಅಂದು ಕೈ ತಡೆದ ಕಂಠದ ಕಥೆಯನ್ನೂ ಅದರಂತೆಯೇ ಸಲ್ಲಬೇಕಾದಷ್ಟು ಹೆಸರು ಸಲ್ಲದೆ ಹೋದ ಇನ್ನಿಬ್ಬರ ಕಥೆಯನ್ನೂ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲು ಶಬ್ದಾರ್ಥ. ‘ಒಪೆರಾ’ ಎಂಬ ಇಟಾಲಿಯನ್ ಮಾತಿಗೆ ‘ಕೃತಿ’ ಎಂದೇ ಅರ್ಥ. ಆಡುಮಾತಿಗೆ ಬದಲಾಗಿ ಹಾಡಿನಿಂದಲೇ ನಡೆಯುವ ನಾಟಕ ಅದು. ‘ಸೊಪ್ರಾನೊ’ ಎಂಬುದು ‘ಮೇಲೆ’ ಎಂಬರ್ಥದ ಮಾತಿನಿಂದ ಹುಟ್ಟಿದ್ದು. ಸ್ತ್ರೀಕಂಠಗಳಲ್ಲೆಲ್ಲ ಎತ್ತರದಲ್ಲಿ ಸಂಚರಿಸುವ ಕಂಠಕ್ಕೆ ಆ ಹೆಸರು. ಸೆಕೆಂಡಿಗೆ ಸುಮಾರು 261 ಕಂಪನಗಳ ಸ್ವರದಿಂದ 1046 ಕಂಪನಗಳ ಸ್ವರದವರೆಗೆ, ಎಂದರೆ ಎರಡು ಪೂರ್ಣ ಸ್ಥಾಯಿಗಳಷ್ಟು, ಆಕೆ ಏರಿಳಿಯಬೇಕು.

ನಮ್ಮ ಕಿವಿಗೆ ಅದು ಕಿರಿಚಾಟವೆನಿಸುವುದೇಕೆ? ಒಪೆರಾ ಮಂದಿರದಲ್ಲಿ ಧ್ವನಿವರ್ಧಕವನ್ನು ಬಳಸುವ ಪದ್ಧತಿಯಿಲ್ಲ. ಗಾಯಕಿಯ ಎದುರಿಗೆ ಹತ್ತಾರು ವಾದ್ಯಗಳ ಮೇಳ. ಅದರಾಚೆಗೆ ಸಾವಿರಾರು ಜನ. ಅಷ್ಟನ್ನೂ ದಾಟಿ ಕೊನೆಯ ಸಾಲಿಗೆ ದನಿ ಮುಟ್ಟಬೇಕು. ಇದು ಗಂಟಲ ಬಲದಿಂದ ಆಗುವ ಕೆಲಸವಲ್ಲ. ಉಸಿರನ್ನು ಹಿಡಿದು ಅಳೆದು ಬಿಡಬೇಕು. ಬಾಯಿ, ಗಂಟಲುಗಳ ಪೊಳ್ಳು ವೀಣೆಯ ಬುರುಡೆಯಂತೆ ಅನುರಣಿಸಬೇಕು. ಧ್ವನಿವರ್ಧಕ ಬರುವ ಮುನ್ನ ನಮ್ಮ ಕಂಪನಿ ನಾಟಕಗಳ ನಟರು ಹೇಗೆ ಹಾಡುತ್ತಿದ್ದರೆಂದು ಹಿರಿಯರಿಂದ ಕೇಳಿ ಬಲ್ಲವರಿಗೆ ಇದರ ಕಷ್ಟ ತಿಳಿದೀತು.

ಇನ್ನು ಕೀರ್ತಿಯ ಮಾತು. 1950ರ ದಶಕದ ಇಟಾಲಿಯನ್ ಒಪೆರಾ ಎಂದೊಡನೆ ಎರಡು ಹೆಸರುಗಳು ಮೊದಲು ಬರುತ್ತವೆ: ಮರಿಯಾ ಕಲಾಸ್ ಮತ್ತು ರೆನಾತಾ ತೆಬಾಲ್ದಿ. ಇಬ್ಬರೂ ಮಹಾಗಾಯಕಿಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಅಂಶವನ್ನು ಮರೆಯಬಾರದು. ಕಲಾಸರನ್ನು ಇ.ಎಂ.ಐ. ಕಂಪನಿಯೂ ತೆಬಾಲ್ದಿಯವರನ್ನು ಡೆಕ್ಕಾ ಕಂಪನಿಯೂ ತಮ್ಮ ಮುಖ್ಯ ಗಾಯಕಿಯರಾಗಿ ಇರಿಸಿಕೊಂಡಿದ್ದವು. ಪೂರ್ಣ ಒಪೆರಾವೊಂದನ್ನು ಮುದ್ರಿಸುವುದು ಬಹು ಖರ್ಚಿನ ಬಾಬತ್ತು. ಒಂದೇ ಕೃತಿಗೆ ಇಬ್ಬರು ಮೂವರು ಗಾಯಕಿಯರನ್ನು ಹುಡುಕುವ ಗೊಡವೆ ಯಾರಿಗೆ ಬೇಕು? ಹೀಗೆ ಅದೇ ಕಾಲದಲ್ಲಿ, ಅದೇ ರಂಗಮಂದಿರಗಳಲ್ಲಿ ಜನರನ್ನು ಎದ್ದು ನಿಲ್ಲಿಸುತ್ತಿದ್ದ ಕೆಲವರು ತಟ್ಟೆಗೆ ಇಳಿಯದೆಯೇ ಉಳಿದರು. ತಟ್ಟೆ ತಲುಪದ ಊರಿಗೆ ಹೆಸರೂ ತಲುಪಲಿಲ್ಲ.

ನನ್ನ ಕೈ ತಡೆದ ಕಂಠ ಮಾಗ್ದಾ ಒಲಿವೆರೊ ಅವರದು. ಈಕೆ 1910ರಲ್ಲಿ ಇಟಲಿಯ ಸಲುತ್ಸೊದಲ್ಲಿ ಹುಟ್ಟಿದರು. ತೂರಿನ್ ರೇಡಿಯೋದ ಪರೀಕ್ಷೆಯಲ್ಲಿ ಈಕೆಗೆ ಕಂಠವೇ ಇಲ್ಲ, ಬೇರೆ ವೃತ್ತಿ ನೋಡಿಕೊಳ್ಳಲಿ ಎಂಬ ತೀರ್ಪು ಬಂದಿತ್ತು. ಲುಯಿಜಿ ಜೆರುಸ್ಸಿ ಎಂಬ ಗುರು ಕೈಹಿಡಿದು ಕಠಿಣವಾದ ಸಾಧನೆ ಮಾಡಿಸಿದರು. 1932ರಲ್ಲಿ ಅದೇ ತೂರಿನ್ ರೇಡಿಯೋದಿಂದಲೇ ಆಕೆಯ ದನಿ ಮೊದಲ ಬಾರಿಗೆ ಜನರಿಗೆ ಕೇಳಿಸಿತು. 1941ರಲ್ಲಿ ಮದುವೆಯಾಗಿ ರಂಗವನ್ನು ಬಿಟ್ಟರು. ಆದರೆ ‘ಅದ್ರಿಯಾನಾ ಲೆಕುವ್ರರ್’ ಎಂಬ ಒಪೆರಾ ರಚಿಸಿದ ಫ್ರಾಂಚೆಸ್ಕೊ ಚಿಲೇಯಾ ತಮ್ಮ ಮುಪ್ಪಿನಲ್ಲಿ, ಆ ಪಾತ್ರವನ್ನು ಆಕೆಯೇ ಮತ್ತೊಮ್ಮೆ ಹಾಡಬೇಕೆಂದು ಬೇಡಿಕೊಂಡರು. ಆಕೆ 1951ರಲ್ಲಿ ಹಿಂದಿರುಗಿ ಹಾಡಿದರು. ಅದನ್ನು ಕೇಳಲು ಚಿಲೇಯಾ ಇರಲಿಲ್ಲ. 1950ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಆಕೆ ಮೊದಲು ಹಾಡಿದ್ದು 1975ರಲ್ಲಿ, ತಮ್ಮ 65ನೆಯ ವಯಸ್ಸಿನಲ್ಲಿ! 104 ವರ್ಷ ಬದುಕಿ 2014ರಲ್ಲಿ ನಿಧನರಾದರು. ಆ ದೀರ್ಘ ಜೀವನದಲ್ಲಿ ಕಂಪನಿಗಳು ಮುದ್ರಿಸಿಕೊಂಡ ಪೂರ್ಣ ಒಪೆರಾಗಳು ಎರಡೇ: 1938ರ ‘ತುರಂದೋತ್’, 1969ರ ‘ಫೆದೋರಾ’.

ಎರಡನೆಯವರು ಲೇಲಾ ಗೆಂಜರ್. 1928ರಲ್ಲಿ ಇಸ್ತಾಂಬುಲ್‌ನಲ್ಲಿ ತುರ್ಕಿಯ ತಂದೆಗೂ ಪೋಲೆಂಡಿನ ತಾಯಿಗೂ ಹುಟ್ಟಿದ ಈಕೆ 1950ರಲ್ಲಿ ಅಂಕಾರಾದಲ್ಲಿ ರಂಗವೇರಿ, 1953ರಲ್ಲಿ ಇಟಲಿಗೆ ಬಂದರು. 1957ರಿಂದ ಮಿಲಾನಿನ ಲಾ ಸ್ಕಾಲಾ ರಂಗಮಂದಿರ ಆಕೆಯ ಮನೆಯಂತಾಯಿತು. ಮರೆತುಹೋಗಿದ್ದ ದೋನಿಜೆತ್ತಿಯ ಒಪೆರಾಗಳಿಗೆ ಮರುಜೀವ ಬಂದದ್ದರಲ್ಲಿ ಈಕೆಯ ಪಾಲು ದೊಡ್ಡದು. ‘ರೊಬೆರ್ತೊ ದೆವೆರೋ’ ಎಂಬ ಒಪೆರಾದ ಎಲಿಜಬೆತ್ ರಾಣಿಯಾಗಿ 1964ರಲ್ಲಿ ನೇಪಲ್ಸಿನಲ್ಲಿ ಹಾಡಿದಾಗ, ಆ ಕೃತಿ ದೀರ್ಘಕಾಲದ ಮರೆವಿನಿಂದ ಎದ್ದು ಬಂದಿತು. ಇಷ್ಟಾದರೂ ದೊಡ್ಡ ಕಂಪನಿಗಳು ಈಕೆಯಿಂದ ಒಂದು ಪೂರ್ಣ ಒಪೆರಾವನ್ನೂ ಮುದ್ರಿಸಲಿಲ್ಲ. ಅಭಿಮಾನಿಗಳು ಗುಟ್ಟಾಗಿ ಮುದ್ರಿಸಿ ಹಂಚಿಕೊಂಡ ಟೇಪುಗಳಿಂದಲೇ ಹೆಸರು ಹಬ್ಬಿತು. ಅದಕ್ಕೇ ಈಕೆಗೆ ‘ಕಳ್ಳಮುದ್ರಿಕೆಗಳ ರಾಣಿ’ ಎಂಬ ಬಿರುದು. 2008ರಲ್ಲಿ ಮಿಲಾನಿನಲ್ಲಿ ತೀರಿಕೊಂಡಾಗ, ಆಕೆಯ ಇಚ್ಛೆಯಂತೆ ಚಿತಾಭಸ್ಮವನ್ನು ಹುಟ್ಟೂರಿನ ಬಾಸ್ಫರಸ್ ಜಲಸಂಧಿಯಲ್ಲಿ ವಿಸರ್ಜಿಸಿದರು.

ಮೂರನೆಯವರು ಅನಿತಾ ಚೆರ್ಕ್ವೆಟ್ಟಿ. 1958ರ ಜನವರಿ 2ರಂದು ರೋಮ್ ನಗರದಲ್ಲಿ ಕಲಾಸರ ‘ನೋರ್ಮಾ’. ಇಟಲಿಯ ರಾಷ್ಟ್ರಾಧ್ಯಕ್ಷರು ಸಭೆಯಲ್ಲಿ ಕುಳಿತಿದ್ದರು. ರೇಡಿಯೋದಲ್ಲಿ ನೇರ ಪ್ರಸಾರ ನಡೆದಿತ್ತು. ಮೊದಲ ಅಂಕ ಮುಗಿದ ಮೇಲೆ ಕಲಾಸ್, ಕಂಠ ಕೈಕೊಟ್ಟದ್ದರಿಂದ, ಮತ್ತೆ ರಂಗಕ್ಕೆ ಬರಲಿಲ್ಲ. ಊರೆಲ್ಲ ಗುಲ್ಲೆದ್ದಿತು. ಮುಂದಿನ ಪ್ರಯೋಗಗಳ ಹೊಣೆ ಹೊತ್ತವರು 26 ವರ್ಷದ ಚೆರ್ಕ್ವೆಟ್ಟಿ. ಅದೇ ದಿನಗಳಲ್ಲಿ ನೇಪಲ್ಸಿನಲ್ಲಿಯೂ ಅದೇ ಪಾತ್ರವನ್ನು ಆಕೆ ಹಾಡುತ್ತಿದ್ದರು; ಸುಮಾರು ಇನ್ನೂರು ಕಿಲೋಮೀಟರು ದೂರದ ಆ ಎರಡು ಊರುಗಳ ನಡುವೆ ಓಡಾಡಿ ಎರಡನ್ನೂ ನಿಭಾಯಿಸಿದರು. ಸೊಪ್ರಾನೊ ಪಾತ್ರಗಳಲ್ಲಿ ಅತ್ಯಂತ ಕಠಿಣವೆನಿಸಿದವುಗಳಲ್ಲಿ ನೋರ್ಮಾ ಒಂದು. ಮೂರು ವರ್ಷಗಳಲ್ಲಿ, 1961ರಲ್ಲಿ, ಆಕೆ ರಂಗದಿಂದಲೇ ನಿವೃತ್ತರಾದರು. ಉಳಿದದ್ದು ಡೆಕ್ಕಾದ ಒಂದು ಪೂರ್ಣ ‘ಲಾ ಜೊಕೊಂದಾ’, ಬಿಡಿ ಹಾಡುಗಳ ಒಂದು ತಟ್ಟೆ, ಮತ್ತೆ ರೇಡಿಯೋ ಹಾಗೂ ರಂಗಮಂದಿರಗಳ ಧ್ವನಿಮುದ್ರಣ.

ಈ ಮೂವರನ್ನೂ ನಮಗೆ ಉಳಿಸಿಕೊಟ್ಟದ್ದರಲ್ಲಿ ರೇಡಿಯೋದ ಪಾಲು ಬಹಳ. ಇಟಲಿಯ ಸರ್ಕಾರಿ ರೇಡಿಯೋ ರಂಗಮಂದಿರಗಳಿಂದ ನೇರವಾಗಿ ಬಿತ್ತರಿಸಿತು. ತನ್ನ ನಿಲಯಗಳಿಗೇ ಕರೆಸಿ ಹಾಡಿಸಿತು. ಗೆಂಜರ್ 1958ರಲ್ಲಿ ದೋನಿಜೆತ್ತಿಯ ‘ಅನ್ನಾ ಬೊಲೇನಾ’ವನ್ನು ಮಿಲಾನಿನಲ್ಲಿ ಹಾಡಿದ್ದು ರೇಡಿಯೋಗಾಗಿಯೇ. ಮನೆಯಲ್ಲಿ ಕುಳಿತ ಶ್ರೋತೃಗಳು ಅವನ್ನು ಟೇಪಿಗೆ ಹಿಡಿದಿಟ್ಟರು. ಆ ಮುದ್ರಣಗಳಲ್ಲಿ ಕೆಮ್ಮು ಕೇಳುತ್ತದೆ, ರಂಗದ ಮೇಲಿನ ಹೆಜ್ಜೆಯ ಸಪ್ಪಳ ಕೇಳುತ್ತದೆ. ಇರಲಿ. ತಾಳೆಗರಿಗೆ ಹುಳು ಹಿಡಿದಿದೆಯೆಂದು ಯಾರೂ ಕಾವ್ಯವನ್ನು ಎಸೆಯುವುದಿಲ್ಲ.

ಅವುಗಳಲ್ಲಿ ಹಲವು ಇಂದು ಅಂತರ್ಜಾಲದಲ್ಲಿ ಸಿಕ್ಕುತ್ತವೆ. ಮಕ್ಕಳಿಗೆ ಹೇಳಿದರೆ ಹುಡುಕಿಕೊಡುತ್ತಾರೆ. ಹಾಡು ಪೂರ್ತಿ ಹಿಡಿಸಬೇಕೆಂದೇನೂ ಇಲ್ಲ; ಒಂದೊಂದು ಅಂಶಕ್ಕೆ ಕಿವಿಗೊಡಿ. ನೋರ್ಮಾ ಚಂದ್ರನನ್ನು ಪ್ರಾರ್ಥಿಸುವಲ್ಲಿ ಚೆರ್ಕ್ವೆಟ್ಟಿಯವರ ಕಂಠದ ತುಂಬು, ಉಸಿರಿನ ಉದ್ದ. ಗೆಂಜರರಲ್ಲಿ ತಾರಸ್ಥಾಯಿಯ ಸ್ವರವೊಂದು ನೂಲಿನೆಳೆಯಷ್ಟು ಸಣ್ಣಗಾಗಿಯೂ ಕಡಿಯದೆ ನಿಲ್ಲುವ ಬಗೆ. ಒಲಿವೆರೊ ಅವರಿಗೆ ಹುಟ್ಟಿನಿಂದ ಬಂದ ಇಂಪು ಹೆಚ್ಚಿನದಲ್ಲ, ಅದನ್ನು ಒಪ್ಪಬೇಕು. ಆಕೆಯಲ್ಲಿ ಶಬ್ದಕ್ಕೆ ಅರ್ಥ ತುಂಬುವ ರೀತಿಯನ್ನು ಗಮನಿಸಿ. ಅದ್ರಿಯಾನಾ ಒಬ್ಬ ನಟಿ. ತಾನು ಕವಿಯ ಸೇವಕಿ ಮಾತ್ರ, ತನ್ನ ದನಿ ಕ್ಷಣಿಕ ಎಂಬುದು ಆಕೆಯ ಮೊದಲ ಹಾಡಿನ ತಾತ್ಪರ್ಯ. ನನ್ನ ಕೈ ಗುಂಡಿಯ ಮೇಲೆ ನಿಂತದ್ದು ಆ ಹಾಡಿಗೇ. ಭಾಷೆ ಒಂದಕ್ಷರ ತಿಳಿಯದಿದ್ದರೂ ಭಾವ ತಿಳಿದಿತ್ತು.

ಬರೆದದ್ದು ಓದುಗನಿಗಾಗಿ ಶತಮಾನಗಟ್ಟಲೆ ಕಾದೀತು. ಹಾಡಿದ್ದು ಹಾಗಲ್ಲ, ಯಾರೋ ಹಿಡಿದಿಟ್ಟುಕೊಳ್ಳಬೇಕು, ಮತ್ತೆ ಯಾರೋ ಕೇಳಬೇಕು. ಹಿಡಿದಿಡುವ ಕೆಲಸವನ್ನು ದೂರದೇಶದ ಶ್ರೋತೃಗಳು ಮಾಡಿಟ್ಟಿದ್ದಾರೆ. ಮುಂದಿನ ಸಲ ಅಂಥ ಏರುದನಿ ಕೇಳಿದಾಗ ಮುಳ್ಳು ಸರಿಸುವ ಮುನ್ನ ಐದು ನಿಮಿಷ ತಾಳಿ. ನಮ್ಮಿಂದ ಆಗಬೇಕಾದದ್ದು ಅಷ್ಟೇ.