ಅರ್ಧ ಸುಟ್ಟ ಮುಖ ಬರೆದ ಕೈ

2010ರಲ್ಲಿ ಹಾಲಿವುಡ್‌ನಿಂದ ‘ಜೋನಾ ಹೆಕ್ಸ್’ ಅಂತ ಒಂದು ಸಿನಿಮಾ ಬಂತು. ಮುಖದ ಒಂದು ಪಕ್ಕ ವಿಕಾರವಾಗಿರೋ ಕೌಬಾಯ್, ದುಡ್ಡಿಗೋಸ್ಕರ ಅಪರಾಧಿಗಳನ್ನ ಹುಡುಕಿ ಹೊಡೆಯೋನು. ಸಿನಿಮಾ ಮಕಾಡೆ ಮಲಗಿತು, ಆ ಮಾತು ಬಿಡಿ. ಆದ್ರೆ ಅಚ್ಚ ಅಮೆರಿಕನ್ ಅನ್ನಿಸೋ ಆ ಮುಖವನ್ನ ಮೊದಲು ಬರೆದವರು ಯಾರು ಗೊತ್ತಾ? ಫಿಲಿಪ್ಪೀನ್ಸ್‌ನ ಮನಿಲಾದವರು, ಟೋನಿ ಡಿಜುನಿಗಾ.

ಹುಟ್ಟಿದ್ದು 1932ರಲ್ಲಿ. 16ನೇ ವಯಸ್ಸಿಗೇ ‘ಲಿವೈವೈ’ ಅನ್ನೋ ವಾರಪತ್ರಿಕೆಯಲ್ಲಿ ಕೆಲಸ. ಚಿತ್ರ ಬರೆಯೋದಲ್ಲ, ಚಿತ್ರಕಥೆಗಳಲ್ಲಿ ಪಾತ್ರಗಳ ಮಾತನ್ನ ಅಕ್ಷರದಲ್ಲಿ ಬರೆಯೋದು! ಅಲ್ಲಿದ್ದ ಹಿರಿಯ ಕಲಾವಿದರೇ ಗುರುಗಳಾದರು. 1960ರ ದಶಕದ ಕೊನೆಗೆ ನ್ಯೂಯಾರ್ಕ್ ಸೇರಿ, ಡಿಸಿ ಕಾಮಿಕ್ಸ್ ಬಾಗಿಲು ತಟ್ಟಿದರು. ಮೊದಲು ಸಿಕ್ಕಿದ್ದು, ಬೇರೆಯವರ ಪೆನ್ಸಿಲ್ ಗೆರೆ ಮೇಲೆ ಇಂಕ್ ಹಚ್ಚೋ ಕೆಲಸ. 1972ರಲ್ಲಿ ಲೇಖಕ ಜಾನ್ ಅಲ್ಬಾನೊ ಜೊತೆ ಜೋನಾ ಹೆಕ್ಸ್ ಸೃಷ್ಟಿ. ಡಾಕ್ಟರ ಕ್ಲಿನಿಕ್ಕಿನಲ್ಲಿ ಮನುಷ್ಯನ ದೇಹದ ಒಂದು ಚಾರ್ಟ್ ನೋಡಿದ್ದೆ, ಅರ್ಧ ಮೈ, ಅರ್ಧ ಎಲುಬು. ಆ ಮುಖ ಹೊಳೆದಿದ್ದು ಅಲ್ಲಿಂದ ಅಂತ ಅವರೇ ಹೇಳಿಕೊಂಡಿದ್ದರು.

ಅಷ್ಟೇ ಆಗಿದ್ರೆ ಇದು ಒಬ್ಬರ ಕಥೆ. ನನ್ನ ಊರಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ ಅಂತ ಟೋನಿ ಸಂಪಾದಕರಿಗೆ ಹೇಳಿದರು. 1971ರಲ್ಲಿ ಡಿಸಿಯ ಕಾರ್ಮೈನ್ ಇನ್ಫಾಂಟಿನೊ, ಜೋ ಆರ್ಲಾಂಡೊ ಖುದ್ದು ಫಿಲಿಪ್ಪೀನ್ಸ್‌ಗೆ ಹೋದರು. ಆಲ್ಫ್ರೆಡೊ ಅಲ್ಕಾಲಾ, ನೆಸ್ಟರ್ ರೆಡೊಂಡೊ, ಅಲೆಕ್ಸ್ ನಿನ್ಯೊ... ಸಾಲುಸಾಲಾಗಿ ಬಂದರು. ಕೂದಲೆಳೆಯಂಥ ಗೆರೆ, ದಟ್ಟ ನೆರಳು. ಆ ಕಾಲದ ಅಮೆರಿಕದ ಭೂತದ ಕಥೆಗಳ ಚಿತ್ರಗಳಲ್ಲಿ ಬಹಳಷ್ಟು ಇವರ ಕೈಯಿಂದ ಬಂದವು.

ಬರೀ ಪ್ರತಿಭೆಗೆ ಮರುಳಾಗಿ ಕರೆದರು ಅಂದ್ಕೋಬೇಡಿ. ಒಂದು ಪುಟಕ್ಕೆ ಇವರಿಗೆ ಸಿಗ್ತಿದ್ದ ದುಡ್ಡು ಅಮೆರಿಕದವರಿಗಿಂತ ಕಡಿಮೆ. ಪಾತ್ರ ಕಂಪನಿಯ ಆಸ್ತಿ, ಬರೆದವರದ್ದಲ್ಲ. ಅಗ್ಗಕ್ಕೆ ಸಿಗ್ತಾರೆ ಅನ್ನೋ ಲೆಕ್ಕವೂ ಆ ವಿಮಾನದಲ್ಲಿ ಜೊತೆಗೇ ಹೋಗಿತ್ತು.

ಸಿನಿಮಾ ಬಂದ ವರ್ಷವೇ, 77ರ ವಯಸ್ಸಲ್ಲಿ, ಟೋನಿ ಮತ್ತೆ ಹೆಕ್ಸ್‌ನ ಮೇಲೆ ಇಡೀ ಪುಸ್ತಕ ಬರೆದುಕೊಟ್ಟರು. 2012ರ ಏಪ್ರಿಲ್‌ನಲ್ಲಿ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆ ಖರ್ಚಿಗೆ ಅಭಿಮಾನಿಗಳು, ಸಹಕಲಾವಿದರು ಸೇರಿ ದುಡ್ಡು ಎತ್ತಬೇಕಾಯಿತು. ಮೇ 11ಕ್ಕೆ ತೀರಿಕೊಂಡರು.