ಡೊಂಕುದಾರಿಯ ಸೊಗಸು ಮತ್ತು ಅದರ ಗಣಿತ

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರನ್ನು ತಲುಪಲು ಹೆದ್ದಾರಿಯುಂಟು. ಆದರೂ ಕೆಲವರು ಅದನ್ನು ಬಿಟ್ಟು, ಹಳ್ಳಿಯಿಂದ ಹಳ್ಳಿಗೆ ಬಳಸಿಕೊಂಡು ಹೋಗುವ ಒಳದಾರಿಗಳನ್ನೇ ಹಿಡಿಯುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ. ಪೆಟ್ರೋಲೂ ಹೆಚ್ಚು ಬೇಕು. ನನ್ನ ತಂದೆಯವರು ಈ ಪಂಗಡಕ್ಕೆ ಸೇರಿದವರು. ಕಾರಣ ಕೇಳಿದರೆ, “ನೆಟ್ಟನ ರಸ್ತೆದಾಗ ಗಾಡಿ ನಮ್ಮನ್ನ ಒಯ್ತದ, ಡೊಂಕು ರಸ್ತೆದಾಗ ನಾವು ಗಾಡಿ ಒಯ್ತೀವಿ” ಎಂದು ನಗುತ್ತಾರೆ. ಈ ಮಾತು ಬರಿಯ ಚಮತ್ಕಾರವಲ್ಲ. ಅದರ ಹಿಂದೆ ಚಲನಶಾಸ್ತ್ರದ ಒಂದು ಮುಖ್ಯ ತತ್ತ್ವವೂ, ನಮ್ಮ ಕಿವಿ ಕಣ್ಣುಗಳ ಒಂದು ಗುಟ್ಟೂ ಅಡಗಿವೆ.

ಮೊದಲು, ಈ ದಾರಿಗಳು ಏಕೆ ಡೊಂಕಾದುವೆಂಬುದನ್ನು ನೋಡೋಣ. ಹೆದ್ದಾರಿಯನ್ನು ಎಂಜಿನಿಯರು ಅಳೆದು ಹಾಕುತ್ತಾನೆ; ಒಳದಾರಿಯನ್ನು ಬಹುಮಟ್ಟಿಗೆ ನೆಲವೇ ಹಾಕುತ್ತದೆ. ಈ ಸೀಮೆಯ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಬಂಡಿಯ ಗಾಲಿ ಹೂತುಹೋಗುವ ಕಡೆಗಳನ್ನು ತಪ್ಪಿಸಿ, ಹೊಲದ ಬದುವನ್ನು ಅನುಸರಿಸಿ, ಹಳ್ಳವನ್ನು ಅಗ್ಗವಾದ ಕಡೆಯಲ್ಲಿ ದಾಟಿ, ಕಣಶಿಲೆಯ ಗುಡ್ಡಗಳನ್ನು ಸುತ್ತಿ ಹೋದ ಬಂಡಿಜಾಡುಗಳೇ ಎಷ್ಟೋ ಕಡೆ ಇಂದು ಡಾಂಬರು ಕಂಡಿವೆ. ತುಂಗಭದ್ರಾ ಎಡದಂಡೆಯ ಕಾಲುವೆ ಈ ಸೀಮೆಗೆ ಬಂದ ಮೇಲೆ ಇನ್ನೊಂದು ಬಗೆಯ ಡೊಂಕು ಸೇರಿತು. ಕಾಲುವೆಯ ನೀರು ಅತಿ ಅಲ್ಪವಾದ ಇಳಿಜಾರಿನಲ್ಲಿ ಹರಿಯಬೇಕು. ಆದುದರಿಂದ ಅದು ಸಮನಾದ ಎತ್ತರದ ರೇಖೆಯನ್ನು ಹಿಡಿದು, ದಿಬ್ಬಗಳನ್ನು ಬಳಸಿ ಸಾಗುತ್ತದೆ. ಅದರ ಪಕ್ಕದ ದಾರಿಯೂ ಹಾಗೆಯೇ ಬಳಸುತ್ತದೆ.

ಇನ್ನು ಸೊಗಸಿನ ವಿಚಾರ. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಒಂದೇ ಸಮನೆ ನೇರವಾಗಿ ಹೋಗುವ ಕಾರಿನಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿರಿ. ಇಂಜಿನಿನ ಸದ್ದನ್ನೂ ಅದುರುವಿಕೆಯನ್ನೂ ಕಳೆದರೆ, ಮನೆಯ ಕುರ್ಚಿಯಲ್ಲಿ ಕುಳಿತಂತೆಯೇ ಇರುತ್ತದೆ. ಏಕರೀತಿಯ ನೇರ ಚಲನೆಗೂ ನಿಶ್ಚಲತೆಗೂ ದೇಹದೊಳಗೆ ಭೇದ ತಿಳಿಯದು. ಗೆಲಿಲಿಯೋ 1632ರಲ್ಲಿ ಹಡಗಿನ ಉದಾಹರಣೆಯಿಂದ ತೋರಿಸಿಕೊಟ್ಟ ಸತ್ಯವಿದು. ನಮಗೆ ವೇಗವನ್ನು ನೇರವಾಗಿ ಅರಿಯುವ ಇಂದ್ರಿಯವಿಲ್ಲ; ವೇಗದ ಬದಲಾವಣೆಯನ್ನು, ಎಂದರೆ ವೇಗೋತ್ಕರ್ಷವನ್ನು, ಅರಿಯುವ ಇಂದ್ರಿಯ ಮಾತ್ರ ಇದೆ.

ತಿರುವಿನಲ್ಲಿ ಆಗುವುದೇ ಇದು. ಮುಳ್ಳು ಅದೇ ಅಂಕಿಯನ್ನು ತೋರಿಸುತ್ತಿದ್ದರೂ ಚಲನೆಯ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ದಿಕ್ಕಿನ ಬದಲಾವಣೆಯೂ ವೇಗೋತ್ಕರ್ಷವೇ. ಅದು ತಿರುವಿನ ಕೇಂದ್ರದ ಕಡೆಗೆ ಇರುತ್ತದೆ; ಅದರ ಬೆಲೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದಷ್ಟು. ತ್ರಿಜ್ಯ 50 ಮೀಟರಿನ ತಿರುವನ್ನು ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು, ವೇಗದಲ್ಲಿ ದಾಟಿದರೆ 100ನ್ನು 50ರಿಂದ ಭಾಗಿಸಬೇಕು; ಉತ್ತರ 2. ಗುರುತ್ವದ ವೇಗೋತ್ಕರ್ಷ 9.8 ಆದುದರಿಂದ, ಇದು ಅದರ ಸುಮಾರು ಐದರಲ್ಲೊಂದು ಪಾಲು. ಆಗ ನಮ್ಮ ತೂಕದ ದಿಕ್ಕೇ ಸುಮಾರು 11 ಡಿಗ್ರಿ ಓರೆಯಾದಂತೆ ತೋರುತ್ತದೆ. ಹೊರಕ್ಕೆ ಯಾರೋ ತಳ್ಳಿದರೆಂದು ಭಾಸವಾದರೂ ತಳ್ಳುವವರು ಯಾರೂ ಇಲ್ಲ. ದೇಹ ಜಡತ್ವದಿಂದ ನೇರವಾಗಿ ಹೋಗಬಯಸುತ್ತದೆ. ಆಸನವೂ ಬಾಗಿಲೂ ಅದನ್ನು ಒಳಕ್ಕೆ ಒತ್ತುತ್ತವೆ. ಡೊಂಕುದಾರಿಯಲ್ಲಿ ಸಾವಕಾಶವಾಗಿ ಹೋಗುವಾತನೂ ಚಲನೆಯ ಸುಖವನ್ನು ಸವಿಯುತ್ತಾನೆ. ನೇರದಾರಿಯಲ್ಲಿ ಅದೇ ಸುಖವನ್ನು ಹುಡುಕುವ ತರುಣನು ವೇಗವನ್ನು ಏರಿಸುತ್ತಲೇ ಹೋಗುತ್ತಾನೆ. ಏರಿಸಿ ಮುಗಿದೊಡನೆ ಆ ಅನುಭವವೂ ಮುಗಿಯುತ್ತದೆ.

ಆದರೆ ಮುಂದಿನ ಆಸನದ ಸುಖ ಹಿಂದಿನ ಆಸನಕ್ಕೆ ಸಂಕಟವಾಗುವುದುಂಟು. ನಮ್ಮ ಮನೆಯ ಮಕ್ಕಳು “ತಾತ, ಹೊಟ್ಟಿ ತೊಳಸಾಕತ್ತೈತಿ” ಎಂದು ಗೋಳಿಡುವುದು ಈ ದಾರಿಗಳಲ್ಲಿಯೇ. ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳಲ್ಲಿರುವ ದ್ರವ ತಲೆಯ ತಿರುಗುವಿಕೆಯನ್ನು ತಿಳಿಸುತ್ತದೆ. ಅವುಗಳ ಬಳಿಯಲ್ಲೇ ಇರುವ ಎರಡು ಚಿಕ್ಕ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಕಣಗಳಿವೆ; ಅವು ಗುರುತ್ವವನ್ನೂ ನೇರ ವೇಗೋತ್ಕರ್ಷವನ್ನೂ ತಿಳಿಸುತ್ತವೆ. ಹಿಂದೆ ಕುಳಿತು ಪುಸ್ತಕವನ್ನೋ ಮೊಬೈಲನ್ನೋ ನೋಡುವ ಮಗುವಿನ ಕಿವಿ “ತಿರುಗುತ್ತಿದ್ದೇವೆ” ಎನ್ನುತ್ತದೆ. ಕಣ್ಣು “ಇಲ್ಲ” ಎನ್ನುತ್ತದೆ. ಈ ವಿರೋಧವೇ ಓಕರಿಕೆಯ ಮೂಲವೆಂದು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ್ದಾರೆ. ಚಾಲಕನಿಗೆ ಈ ತೊಡಕಿಲ್ಲ. ಚಕ್ರವನ್ನು ತಿರುಗಿಸುವವನು ತಾನೇ ಆದುದರಿಂದ, ಬರಲಿರುವ ಓರೆಯನ್ನು ಅವನ ಮಿದುಳು ಮೊದಲೇ ಬಲ್ಲದು. ಮಗುವನ್ನು ದೂರದ ದಾರಿಯ ಕಡೆಗೆ ನೋಡುವಂತೆ ಮಾಡಿದರೆ ಅದಕ್ಕೂ ಈ ಮುನ್ನರಿವು ಸ್ವಲ್ಪಮಟ್ಟಿಗೆ ದೊರೆಯುತ್ತದೆ.

ಈ ಮುನ್ನರಿವು ಎಲ್ಲಿಂದ ಬರುತ್ತದೆ? 1994ರಲ್ಲಿ ಮೈಕಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಎಂಬ ವಿಜ್ಞಾನಿಗಳು, ಡೊಂಕುದಾರಿಯಲ್ಲಿ ಕಾರು ನಡೆಸುವವರ ದೃಷ್ಟಿ ಎಲ್ಲಿ ನೆಡುತ್ತದೆಂಬುದನ್ನು ಉಪಕರಣದಿಂದ ಅಳೆದರು. ತಿರುವಿನ ಒಳಅಂಚು ಚಾಲಕನ ಕಡೆಗೆ ಉಬ್ಬಿ ಬಂದಂತೆ ಕಾಣುವ ಒಂದು ಬಿಂದುವುಂಟು. ಅಲ್ಲಿ ದೃಷ್ಟಿರೇಖೆ ದಾರಿಯ ಅಂಚಿಗೆ ಸ್ಪರ್ಶರೇಖೆಯಾಗುತ್ತದೆ. ತಿರುವನ್ನು ಹೊಗುವ ಒಂದೆರಡು ಸೆಕೆಂಡು ಮೊದಲೇ ಚಾಲಕರ ಕಣ್ಣು ಆ ಬಿಂದುವನ್ನು ಅರಸುತ್ತಿತ್ತು. ಕಣ್ಣು ಮುಂದೆ, ಕೈ ಹಿಂದೆ: ಈ ತಾಳ ಕೂಡಿಬಂದಾಗ ಹುಟ್ಟುವ ತೃಪ್ತಿಯೇ “ನಾವು ಗಾಡಿ ಒಯ್ತೀವಿ” ಎಂಬ ಮಾತಿನ ಅರ್ಥವೆಂದು ನನಗೆ ತೋರುತ್ತದೆ.

ಈಗ ಸೂತ್ರದಲ್ಲಿರುವ “ವರ್ಗ” ಎಂಬ ಪದವನ್ನು ಮತ್ತೊಮ್ಮೆ ಗಮನಿಸಿರಿ. ವೇಗ ಇಮ್ಮಡಿಯಾದರೆ ಬೇಕಾಗುವ ಬಲ ನಾಲ್ಕು ಮಡಿ. ಆ ಬಲವನ್ನು ಒದಗಿಸುವುದು ಟಯರಿಗೂ ನೆಲಕ್ಕೂ ನಡುವಿನ ಘರ್ಷಣೆಯೊಂದೇ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಘರ್ಷಣಾಂಕವನ್ನು ಸುಮಾರು 0.7 ಎಂದಿಟ್ಟುಕೊಂಡರೆ, ನಮ್ಮ 50 ಮೀಟರಿನ ತಿರುವಿನಲ್ಲಿ ಗಂಟೆಗೆ ಸುಮಾರು 67 ಕಿಲೋಮೀಟರಿಗೆ ಟಯರು ಜಾರತೊಡಗುತ್ತದೆ. ತಿರುವಿನಲ್ಲಿ ಗರಸು ಚೆಲ್ಲಿದ್ದು, ಘರ್ಷಣಾಂಕ 0.3ಕ್ಕೆ ಇಳಿದರೆ ಈ ಮಿತಿ ಸುಮಾರು 44ಕ್ಕೆ ಇಳಿಯುತ್ತದೆ. ಸುಗ್ಗಿಯಲ್ಲಿ ರಸ್ತೆಯನ್ನೇ ಕಣ ಮಾಡಿ ಹರವುವ ತೊಗರಿಯ ಕಟ್ಟಿಗೆ, ಜೋಳದ ದಂಟು, ಒಣಗಲು ಹಾಕಿದ ಭತ್ತ, ಟ್ರ್ಯಾಕ್ಟರಿನ ಗಾಲಿಯಿಂದ ಉದುರಿದ ಹಸಿ ಎರೆಮಣ್ಣು ಇವೆಲ್ಲವೂ ಘರ್ಷಣೆಯನ್ನು ಕದಿಯುತ್ತವೆ. ಕಾರು ಭಾರವಾದುದೆಂಬ ಧೈರ್ಯವೂ ಇಲ್ಲಿ ಸಲ್ಲದು. ಭಾರ ಹೆಚ್ಚಿದಂತೆ ಘರ್ಷಣೆ ಹೆಚ್ಚುತ್ತದೆ, ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಲೆಕ್ಕದಲ್ಲಿ ದ್ರವ್ಯರಾಶಿ ಎರಡು ಕಡೆಯಿಂದಲೂ ಹೊಡೆದುಹೋಗುತ್ತದೆ. ಇಬ್ಬರು ಕುಳಿತ ಬೈಕಿಗೂ ಇದೇ ಸೂತ್ರ. ಕಾರಿನ ಟಯರು ಜಾರಿದರೆ ನಾಲ್ಕು ಚಕ್ರಗಳ ಮೇಲೆ ನಿಂತೇ ಜಾರೀತು. ಬೈಕು ಜಾರಿದರೆ ಸವಾರನೇ ನೆಲಕ್ಕೆ ಬೀಳುತ್ತಾನೆ.

ರಸ್ತೆಯ ಎಂಜಿನಿಯರುಗಳು ಈ ಮಿತಿಗಳ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ದೇಶದ ಹೆದ್ದಾರಿಗಳ ತಿರುವುಗಳನ್ನು ಲೆಕ್ಕಹಾಕುವಾಗ ಅಡ್ಡಘರ್ಷಣೆಯನ್ನು 0.15 ಎಂದು ಮಾತ್ರ ಹಿಡಿಯುತ್ತಾರೆ. ಬಯಲುಸೀಮೆಯಲ್ಲಿ ದಾರಿಯ ಹೊರ ಅಂಚನ್ನು ಅಗಲದ ಪ್ರತಿ ಮೀಟರಿಗೆ 7 ಸೆಂಟಿಮೀಟರಿನವರೆಗೆ ಎತ್ತರಿಸಬಹುದು. ಎರಡೂ ಕೂಡಿದರೂ 50 ಮೀಟರು ತ್ರಿಜ್ಯಕ್ಕೆ ದೊರೆಯುವ ವೇಗ ಗಂಟೆಗೆ ಸುಮಾರು 37 ಕಿಲೋಮೀಟರು. ಬಂಡಿಜಾಡಿನಿಂದ ಬೆಳೆದ ದಾರಿಯಲ್ಲಿ ಇಂಥ ಎತ್ತರಿಕೆಯನ್ನು ನಂಬುವಂತಿಲ್ಲ. ನಾವು ಸುಖವೆಂದು ಕಂಡ 36ಕ್ಕೂ ಎಂಜಿನಿಯರನ 37ಕ್ಕೂ ಇರುವ ಹೊಂದಿಕೆಯನ್ನು ನೋಡಿರಿ. ಮೈಗೆ ಹಿತವಾದ ವೇಗವೇ ನೆಲಕ್ಕೂ ಹಿತವಾದುದು. ಅದನ್ನು ಇಮ್ಮಡಿಸಿದರೆ ಸುಖ ಇಮ್ಮಡಿಯಾಗುವುದಿಲ್ಲ, ದಾರಿಯೇ ತಪ್ಪುತ್ತದೆ.

ನಿಮ್ಮೂರಿನ ತಿರುವಿನ ತ್ರಿಜ್ಯವನ್ನು ನೀವೇ ಅಳೆಯಬಹುದು. ವಾಹನಗಳಿಲ್ಲದ ಹೊತ್ತಿನಲ್ಲಿ, ಹಿರಿಯರೊಬ್ಬರನ್ನು ಕಾವಲಿಗೆ ನಿಲ್ಲಿಸಿ, ದಾರಿಯ ಒಳಅಂಚಿನ ಎರಡು ಬಿಂದುಗಳ ನಡುವೆ ದಾರಿಯ ಹೊರಗೆ 20 ಮೀಟರಿನ ಹಗ್ಗವನ್ನು ನೇರವಾಗಿ ಬಿಗಿಯಿರಿ. ಹಗ್ಗದ ನಡುವಿನಿಂದ ದಾರಿಯ ಅಂಚು ಎಷ್ಟು ದೂರವಿದೆಯೆಂದು ಅಳೆಯಿರಿ. ಹಗ್ಗದ ಉದ್ದದ ವರ್ಗವನ್ನು ಆ ದೂರದ ಎಂಟು ಮಡಿಯಿಂದ ಭಾಗಿಸಿದರೆ ತ್ರಿಜ್ಯ ಸುಮಾರಾಗಿ ದೊರೆಯುತ್ತದೆ. ದೂರ 1 ಮೀಟರಾದರೆ 400 ಭಾಗಿಸು 8, ಎಂದರೆ 50 ಮೀಟರು. ದೂರ 2 ಮೀಟರಾದರೆ ತ್ರಿಜ್ಯ 25 ಮೀಟರು. ಅಲ್ಲಿ ಅದೇ ಹಿತವಾದ ಓರೆ ಬೇಕಾದರೆ ಗಂಟೆಗೆ 25 ಕಿಲೋಮೀಟರು ವೇಗವೇ ಸಾಕು. ದಿನವೂ ದಾಟುವ ತಿರುವಿನ ಈ ಅಂಕಿಯನ್ನು ಬಲ್ಲವನು, ಚಕ್ರವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅರ್ಧ ಚಾಲಕನಾದನೆಂದು ಹೇಳಬಹುದು.