ಆನೆ ತೂಗಿದ ಹಾಗೆ ಡಬ್ಲ್ಯು ತೂಗೋದು

ದಸರಾಗೆ ಮುಂಚೆ ಮೈಸೂರಿನ ಧನ್ವಂತರಿ ರಸ್ತೆಯ ವೇಬ್ರಿಡ್ಜ್ ಮೇಲೆ ದಸರಾ ಆನೆ ಅಭಿಮನ್ಯು ನಿಲ್ತಾನೆ. ಅಂಕಿ 5,000 ಕೆ.ಜಿ. ದಾಟುತ್ತೆ. ತಿಂಗಳಾದ್ಮೇಲೆ ತೂಗಿದ್ರೆ ಇನ್ನೂ ಜಾಸ್ತಿ. ಕುಸುರೆ, ಬೆಲ್ಲ, ಬೆಣ್ಣೆ ಒಳಗೆ ಹೋಗಿದ್ದನ್ನ ತೂಕವೇ ಹೇಳುತ್ತೆ, ಹೊಟ್ಟೆ ಬಗೆದು ನೋಡಬೇಕಿಲ್ಲ.

ಭೌತವಿಜ್ಞಾನಿಗಳ ಉಪಾಯವೂ ಇದೇ. 2012ರಲ್ಲಿ ಸಿಕ್ಕ ಹಿಗ್ಸ್ ಬೋಸಾನ್ ಒಂಟಿಯೋ, ಅದಕ್ಕೆ ಅಣ್ಣತಮ್ಮಂದಿರಿದ್ದಾರೋ? ಇದ್ರೆ, ಕೊಲೈಡರಿನಲ್ಲಿ ನೇರವಾಗಿ ಕಾಣಿಸದಿದ್ರೂ ಡಬ್ಲ್ಯು ಬೋಸಾನ್ ಅನ್ನೋ ಇನ್ನೊಂದು ಕಣದ ತೂಕವನ್ನ ಚೂರು ಅಲುಗಿಸಬಹುದು.

ಈಗಿನ ಕಣಸಿದ್ಧಾಂತ ಸ್ಟ್ಯಾಂಡರ್ಡ್ ಮಾಡೆಲ್ ಲೆಕ್ಕದಲ್ಲಿ ಆ ತೂಕ ಸುಮಾರು 80,357 ಎಂಇವಿ (ಕಣಗಳ ತೂಕ ಹೇಳೋ ಅಳತೆ). 2022ರಲ್ಲಿ ಅಮೆರಿಕದ ಸಿಡಿಎಫ್ ತಂಡಕ್ಕೆ ಸಿಕ್ಕಿದ್ದು 80,433. ವ್ಯತ್ಯಾಸ ಹೆಚ್ಚುಕಮ್ಮಿ ಸಾವಿರಕ್ಕೆ ಒಂದು ಪಾಲು. ಅಭಿಮನ್ಯು ಲೆಕ್ಕದಲ್ಲಿ ಬರೀ 5 ಕೆ.ಜಿ., ಒಂದು ಹಿಡಿ ಕಬ್ಬಿನ ಜಲ್ಲೆ! ಅಷ್ಟಕ್ಕೇ ಎರಡು ಹಿಗ್ಸ್ ಡಬ್ಲೆಟ್, ಟ್ರಿಪ್ಲೆಟ್ ಅಂತ ಹೊಸ ಹಿಗ್ಸ್‌ಗಳನ್ನ ಸೇರಿಸೋ ಪ್ರಬಂಧಗಳ ಸುರಿಮಳೆ.

2024ರಲ್ಲಿ ಸರ್ನ್‌ನ ಸಿಎಂಎಸ್ ತೂಗಿತು: 80,360, ಹತ್ತು ಹೆಚ್ಚುಕಮ್ಮಿ. ಹಳೇ ಲೆಕ್ಕಕ್ಕೇ ಸರಿಹೋಯ್ತು. ಹಾಗಂತ ಹೊಸ ಹಿಗ್ಸ್ ಇಲ್ಲವೇ ಇಲ್ಲ ಅಂತಲ್ಲ. ಇದ್ರೆ, ಅಣ್ಣತಮ್ಮಂದಿರ ತೂಕದಲ್ಲಿ ತುಂಬಾ ಅಂತರ ಇರೋಕೆ ಜಾಗ ಕಮ್ಮಿ, ಅಷ್ಟೇ.

ಸಿಡಿಎಫ್ ತಕ್ಕಡಿ ಮಾತ್ರ ಯಾಕೆ ಬೇರೆ ಹೇಳಿತು? ಆ ಜಗಳ ಇನ್ನೂ ಬಗೆಹರಿದಿಲ್ಲ.